ಮನೆಯಲ್ಲೇ ಕಟ್ಟಿದ ವಾಲ್ವ್ ಆಂಪ್ಲಿಫೈಯರ್: ಕಂಡೆನ್ಸರ್ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ

ಬಳ್ಳಾರಿಯಲ್ಲಿ, ಆಂಪ್ಲಿಫೈಯರ್ ಕಟ್ಟುವ ಹವ್ಯಾಸ ಇರುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಕೊಟ್ಟಿದೆ.

ಮೇಜಿನ ಮೇಲೆ ಮಗುಚಿ ಇಟ್ಟಿರುವ ಈ ಚಾಸಿಸ್ ನೋಡಿ. ವಾಲ್ವುಗಳು (ಗಾಜಿನ ಎಲೆಕ್ಟ್ರಾನ್ ಟ್ಯೂಬುಗಳು) ಮೂರು: ಸ್ಪೀಕರಿಗೆ ಬಲ ಕೊಡುವ ಇಎಲ್84 ಎರಡು, ಅವಕ್ಕೆ ಮೊದಲು ಸಿಗ್ನಲ್ ಏರಿಸುವ ಇಸಿಸಿ83 ನಡುವೆ ಒಂದು. ಇಸಿಸಿ83ರ ಅರ್ಧ ಎಡಗಡೆಗೆ, ಇನ್ನರ್ಧ ಬಲಗಡೆಗೆ. 250-0-250 ವೋಲ್ಟಿನ ಪವರ್ ಟ್ರಾನ್ಸ್‌ಫಾರ್ಮರ್, ಎರಡು 1ಎನ್4007 ಡಯೋಡ್, ಮೊದಲಿಗೆ 47 ಮೈಕ್ರೊಫ್ಯಾರಡ್ ಕಂಡೆನ್ಸರ್ (ಕೆಪಾಸಿಟರ್), ಒಂದು 100 ಓಮ್ ರೆಸಿಸ್ಟರ್, ಅದರಾಚೆ 100 ಮೈಕ್ರೊಫ್ಯಾರಡ್. ಮುಂದುಗಡೆ 500 ಕೆ (ಕಿಲೋಓಮ್) ವಾಲ್ಯೂಮ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡೂ ಊರಲ್ಲೇ ಸುತ್ತಿಸಿದ್ದು. ಮನೆಯಲ್ಲಿ ಕಟ್ಟಿದ ಸಣ್ಣ ಸೆಟ್ಟುಗಳ ನಕ್ಷೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ದೂರುಗಳೂ ಹೆಚ್ಚುಕಡಿಮೆ ಇವೇ: ಬೇಸ್ ಇಲ್ಲ, ಮೇಲಿನ ದನಿ ಮಂಕು, ಹಿಂದೆ ಗುಂಯ್ ಎಂಬ ಹಮ್, ವಾಲ್ಯೂಮ್ ಏರಿಸಿದರೆ ದನಿ ಒರಟು. ಇದಕ್ಕೆ ಎಲ್ಲರೂ ಮೊದಲು ಕೇಳುವ ಮದ್ದು ಮಾತ್ರ ಒಂದೇ, ಯಾವ ಕಂಪನಿಯ ಕಪ್ಲಿಂಗ್ ಕಂಡೆನ್ಸರ್ (ಒಂದು ವಾಲ್ವಿನಿಂದ ಇನ್ನೊಂದಕ್ಕೆ ದನಿ ದಾಟಿಸುವುದು) ಹಾಕಬೇಕು ಎಂದು. ನಾಲ್ಕು ದೂರಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದೂ ಕಂಡೆನ್ಸರಿನ ಬಣ್ಣದಲ್ಲಿ ಇಲ್ಲ. ಸಾಧಾರಣ ಡಿಜಿಟಲ್ ಮೀಟರ್ ಒಂದಿದ್ದರೆ ಬಹುಪಾಲನ್ನು ಹಿಡಿಯಬಹುದು.

ಕೈ ಹಾಕುವ ಮೊದಲು ಒಂದು ಮಾತು. 300 ವೋಲ್ಟಿಗೆ ತುಂಬಿದ 100 ಮೈಕ್ರೊಫ್ಯಾರಡ್ ಕಂಡೆನ್ಸರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಹಿಡಿದಿಟ್ಟುಕೊಂಡಿರುತ್ತದೆ. ಸ್ಕ್ರೂಡ್ರೈವರ್ ತಾಗಿಸಿ ಚಟ್ ಎನಿಸುವ ಅಭ್ಯಾಸ ಬಿಡಿ, ಕಂಡೆನ್ಸರೂ ಕೆಡುತ್ತದೆ, ಕಣ್ಣಿಗೂ ಕಿಡಿ ಸಿಡಿಯುತ್ತದೆ. 1 ಕೆ, 10 ವ್ಯಾಟ್ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ಕ್ಲಿಪ್ ಹಚ್ಚಿ, ಎರಡು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಇಡಿ. ಸೆಟ್ ಓಡುವಾಗ ಅಳೆಯುವುದಾದರೆ ಮೀಟರಿನ ಕಪ್ಪು ವೈರನ್ನು ಕ್ಲಿಪ್ಪಿನಿಂದ ಚಾಸಿಸ್‌ಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಅಳೆಯಿರಿ. ಹೊಸ ಬದಲಾವಣೆ ಆದಾಗಲೆಲ್ಲ ಮೊದಲ ಸಲ ಸೀರೀಸ್ ಬೋರ್ಡಿನಲ್ಲಿ 100 ವ್ಯಾಟಿನ ಬಲ್ಬಿನ ಮೂಲಕವೇ ಆನ್ ಮಾಡಿ. ಬಲ್ಬು ಕ್ಷಣ ಹೊತ್ತಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಈಗ ಕರೆಂಟಿನಿಂದ ಶುರುಮಾಡೋಣ, ಏಕೆಂದರೆ ನಮ್ಮ ಭಾಗದಲ್ಲಿ ರೋಗದ ಬೇರು ಅಲ್ಲೇ ಇರುತ್ತದೆ. ಜೀನ್ಸ್ ಹೊಲಿಯುವ ಮೋಟಾರುಗಳು ಓಡುವ ಬಳ್ಳಾರಿಯ ಓಣಿಯಲ್ಲಾಗಲಿ, ಗಂಗಾವತಿಯ ರೈಸ್ ಮಿಲ್ಲುಗಳ ಲೈನಿನಲ್ಲಾಗಲಿ ಹಗಲು 200ರ ಆಸುಪಾಸಿಗೆ ಇಳಿದ ವೋಲ್ಟೇಜು, ಮೋಟಾರುಗಳೆಲ್ಲ ನಿಂತ ಮೇಲೆ ರಾತ್ರಿ 245ಕ್ಕೆ ಏರಿ ಕೂತಿರಬಹುದು. ನಾವು ಹಾಡು ಕೇಳುವುದು ರಾತ್ರಿಯೇ. ಟ್ರಾನ್ಸ್‌ಫಾರ್ಮರನ್ನು 220 ವೋಲ್ಟಿಗೆ ಸುತ್ತಿದ್ದರೆ, 245ರಲ್ಲಿ 6.3 ವೋಲ್ಟಿನ ಹೀಟರಿಗೆ 7 ವೋಲ್ಟ್ ಬೀಳುತ್ತದೆ. ಹೀಟರಿಗೆ ಶೇಕಡ 10 ಆಚೀಚೆ ತಡೆಯುತ್ತದೆ, ಅಂದರೆ 5.7ರಿಂದ 6.9ರ ಒಳಗೆ. ಅದರಾಚೆ ವಾಲ್ವಿನ ಆಯುಸ್ಸು ಸೋರುತ್ತದೆ. 195ಕ್ಕೆ ಇಳಿದರೆ ಹೀಟರಿಗೆ 5.6 ಸಿಗುತ್ತದೆ, ಎಲೆಕ್ಟ್ರಾನ್ ಹೊಮ್ಮಿಸುವ ಕ್ಯಾಥೋಡ್ ಸಾಕಷ್ಟು ಕಾಯದೆ ದನಿ ಸೊರಗುತ್ತದೆ.

ಆದ್ದರಿಂದ ಮೊದಲ ಅಳತೆ ಇದು: ರಾತ್ರಿ ಒಂಬತ್ತರ ಮೇಲೆ, ಎಲ್ಲ ವಾಲ್ವುಗಳೂ ಸಿಕ್ಕಿಸಿರುವಾಗ, ಇಎಲ್84ರ ಸಾಕೆಟ್ಟಿನ 4 ಮತ್ತು 5ನೇ ಪಿನ್ನುಗಳ ನಡುವೆ ಏಸಿ ವೋಲ್ಟ್. 6.9 ದಾಟಿದ್ದರೆ ಎರಡು ದಾರಿ. ಹೀಟರ್ ಮಾತ್ರ ಜಾಸ್ತಿ ಇದ್ದು, ಡಯೋಡುಗಳಾಚೆ ಬರುವ ಹೆಚ್ಚಿನ ಡಿಸಿ ವೋಲ್ಟೇಜು, ಅಂದರೆ ಎಚ್‌ಟಿ ಸರಿ ಇದ್ದರೆ ಹೀಟರಿನ ಎರಡೂ ಎಳೆಗಳಿಗೆ ಒಂದೊಂದು 0.15 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿ. ಇಎಲ್84 ಒಂದಕ್ಕೆ 0.76 ಆಂಪಿಯರ್, ಇಸಿಸಿ83ಕ್ಕೆ 0.3, ಒಟ್ಟು 1.82 ಆಂಪಿಯರ್. ಹಾಗಾಗಿ ಅರ್ಧ ವೋಲ್ಟಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಎರಡೂ ಜಾಸ್ತಿ ಇದ್ದರೆ 12 ವೋಲ್ಟ್, 1 ಆಂಪಿಯರಿನ ಸಣ್ಣ ಟ್ರಾನ್ಸ್‌ಫಾರ್ಮರ್ ತನ್ನಿ. ಅದರ ಪ್ರೈಮರಿ ಮೇನ್ಸಿಗೆ, ಸೆಕೆಂಡರಿ ಆಂಪ್ಲಿಫೈಯರಿಗೆ ಹೋಗುವ ಫೇಸ್ ಲೈನಿನಲ್ಲಿ ಸೀರೀಸಾಗಿ, ಉಲ್ಟಾ ದಿಕ್ಕಿನಲ್ಲಿ. 245 ಇದ್ದದ್ದು 232ಕ್ಕೆ ಬರುತ್ತದೆ. ದಿಕ್ಕು ತಪ್ಪಿದರೆ 258 ಆಗುತ್ತದೆ, ಅದಕ್ಕೇ ಆಂಪ್ಲಿಫೈಯರ್ ಸಿಕ್ಕಿಸದೆ ಮೊದಲು ಖಾಲಿ ಅಳೆಯಬೇಕು. ಹಗಲಿಗೆ ಬೇಡ ಎನ್ನುವವರು ಒಂದು ಚೇಂಜ್‌ಓವರ್ ಸ್ವಿಚ್ ಇಟ್ಟುಕೊಳ್ಳಬಹುದು.

ಮುಂದಿನದು ಬಯಾಸ್, ಅಂದರೆ ದನಿ ಇಲ್ಲದಾಗಲೂ ವಾಲ್ವಿನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಎಂದು ಗೊತ್ತುಮಾಡುವುದು. ಇವತ್ತಿನ ಮಾತಿನಲ್ಲಿ ಒಂದನ್ನೇ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಇಎಲ್84ರ ಹಳೆಯ ನಕ್ಷೆಗಳಲ್ಲಿ ಕ್ಯಾಥೋಡ್ ರೆಸಿಸ್ಟರ್ 130, 135, ಅಥವಾ 150 ಓಮ್ ಎಂದಿರುತ್ತದೆ. ಅದು ಆನೋಡಿಗೆ (ಎಲೆಕ್ಟ್ರಾನುಗಳನ್ನು ಹಿಡಿಯುವ ಪ್ಲೇಟಿಗೆ) 250 ವೋಲ್ಟ್ ಇದ್ದಾಗಿನ ಲೆಕ್ಕ. ಆಗ 48 ಮಿಲಿಆಂಪ್ ಹರಿದು 12 ವ್ಯಾಟ್ ಆಗುತ್ತದೆ, ಅಲ್ಲಿಗೆ ವಾಲ್ವಿನ ಮಿತಿ ಮುಗಿಯಿತು. ನಾವು ಆ ಕಾಲದ ಇಝಡ್81 ರೆಕ್ಟಿಫೈಯರ್ (ಏಸಿಯನ್ನು ಡಿಸಿ ಮಾಡುವ ವಾಲ್ವ್) ತೆಗೆದು ಸಿಲಿಕಾನ್ ಡಯೋಡ್ ಹಾಕಿರುತ್ತೇವೆ, ವಾಲ್ವ್ ರೆಕ್ಟಿಫೈಯರ್ ತಿನ್ನುತ್ತಿದ್ದ ವೋಲ್ಟ್ ಉಳಿದು ಎಚ್‌ಟಿ ಏರಿರುತ್ತದೆ. ಈ ಚಾಸಿಸ್ಸಿನಲ್ಲಿ ಆನೋಡಿನಲ್ಲಿ 300 ವೋಲ್ಟ್ ಇದೆ, ಕ್ಯಾಥೋಡಿನಲ್ಲಿ ಮಾತ್ರ ಅದೇ 150 ಓಮ್. 3ನೇ ಪಿನ್ನಿನಲ್ಲಿ ಅಳೆದರೆ 8.7 ವೋಲ್ಟ್. 8.7ನ್ನು 150ರಿಂದ ಭಾಗಿಸಿದರೆ 58 ಮಿಲಿಆಂಪ್. ಅದರಲ್ಲಿ ಸ್ಕ್ರೀನಿನ (ಆನೋಡಿನ ಮುಂದಿರುವ ಜಾಲರಿಯ) ಪಾಲು 6 ಎಂದು ಕಳೆಯಿರಿ, ಆನೋಡಿಗೆ 52 ಉಳಿಯಿತು. ಆನೋಡ್ ಮತ್ತು ಕ್ಯಾಥೋಡ್ ನಡುವೆ 291 ವೋಲ್ಟ್. ಗುಣಿಸಿದರೆ 15 ವ್ಯಾಟ್. ದೀಪ ಆರಿಸಿ ನೋಡಿದರೆ ಪ್ಲೇಟಿನ ಅಂಚಿನಲ್ಲಿ ಮಂಕು ಕೆಂಪು ಗೆರೆ ಕಾಣುತ್ತದೆ. ವಾಲ್ವ್ ಬೇಯುತ್ತಿದೆ. ಇದನ್ನೇ ಕೆಲವರು ಬೆಚ್ಚನೆಯ ದನಿ ಅನ್ನುತ್ತಾರೆ!

ಮದ್ದು ಅಗ್ಗದ್ದು. 150 ತೆಗೆದು 270 ಓಮ್, 3 ವ್ಯಾಟ್ ಹಾಕಿ. ಕ್ಯಾಥೋಡ್ 10.5 ವೋಲ್ಟಿನ ಆಸುಪಾಸಿಗೆ ಬರುತ್ತದೆ, ಒಟ್ಟು 39 ಮಿಲಿಆಂಪ್, ಸ್ಕ್ರೀನ್ 4 ಕಳೆದರೆ 35, ವ್ಯಾಟು ಲೆಕ್ಕ ಹಾಕಿದರೆ ಹತ್ತರ ಹತ್ತಿರ. ರಾತ್ರಿ ಮೇನ್ಸ್ ಏರಿದರೂ 12ರೊಳಗೇ ಇರುವಷ್ಟು ಜಾಗ ಉಳಿಯಿತು. ಎರಡು ಇಎಲ್84 ಸೇರಿ ಟ್ರಾನ್ಸ್‌ಫಾರ್ಮರಿನ ಮೇಲೆ 38 ಮಿಲಿಆಂಪ್ ಭಾರ ಇಳಿಯಿತು, ಪವರ್ ಟ್ರಾನ್ಸ್‌ಫಾರ್ಮರ್ ಕೈ ಇಡಲಾಗದಷ್ಟು ಕಾಯುತ್ತಿದ್ದುದೂ ನಿಲ್ಲುತ್ತದೆ. ಎಚ್‌ಟಿ ತುಸು ಮೇಲೇರುತ್ತದೆ, ಆದ್ದರಿಂದ ಬದಲಿಸಿದ ಮೇಲೆ ಮತ್ತೆ ಒಮ್ಮೆ ಅಳೆದು ಲೆಕ್ಕ ಹಾಕಿ.

ಆ ರೆಸಿಸ್ಟರಿನ ಪಕ್ಕದ ಬೈಪಾಸ್ ಕಂಡೆನ್ಸರ್ 220 ಮೈಕ್ರೊಫ್ಯಾರಡ್, 25 ವೋಲ್ಟ್ ಇರಲಿ. ಕ್ಯಾಥೋಡ್ ಒಳಗಿನಿಂದ ಕಾಣುವ ರೆಸಿಸ್ಟೆನ್ಸ್ 270 ಅಲ್ಲ, ಸುಮಾರು 66 ಓಮ್. 100 ಮೈಕ್ರೊಫ್ಯಾರಡ್ ಹಾಕಿದರೆ 24 ಹರ್ಟ್ಸಿನಲ್ಲಿ ಇಳಿತ ಶುರು, 220ಕ್ಕೆ 11. ಹಳೆಯ ನಕ್ಷೆಗಳ 25 ಮೈಕ್ರೊಫ್ಯಾರಡ್ ಹಾಕಿ ಬೇಸ್ ಹುಡುಕುವುದು ವ್ಯರ್ಥ. ಮತ್ತೆ, ಕಂಡೆನ್ಸರನ್ನು ರೆಸಿಸ್ಟರಿಗೆ ಅಂಟಿಸಿ ಕೂರಿಸಬೇಡಿ, ಒಂದು ಬೆರಳು ದೂರ ಇಡಿ. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಚಾಸಿಸ್ ಒಳಗೆ 65 ಸುಲಭವಾಗಿ ಆಗುತ್ತದೆ. ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಪ್ರತಿ 10 ಡಿಗ್ರಿಗೆ ಆಯುಸ್ಸಿನ ಅರ್ಧ ಕಳೆದುಕೊಳ್ಳುತ್ತದೆ ಎಂಬುದು ಎಲ್ಲರೂ ಬಳಸುವ ಲೆಕ್ಕ. ಕೊಳ್ಳುವಾಗ 85 ಡಿಗ್ರಿ ಬರೆದದ್ದನ್ನು ಬಿಟ್ಟು 105 ಡಿಗ್ರಿಯದೇ ಕೇಳಿ. ಹೈದರಾಬಾದಿನ ಕೋಠಿಯಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ, ಬೆಲೆಯ ಅಂತರ ಅಷ್ಟಕ್ಕಷ್ಟೆ.

ಎಚ್‌ಟಿ ಕಂಡೆನ್ಸರಿನ ವೋಲ್ಟೇಜು ಇನ್ನೂ ಮುಖ್ಯ. ಸಿಲಿಕಾನ್ ಡಯೋಡ್ ಆನ್ ಮಾಡಿದ ಕ್ಷಣವೇ ಕರೆಂಟ್ ಕೊಡುತ್ತದೆ, ವಾಲ್ವುಗಳು ಕಾಯಲು ಇಪ್ಪತ್ತು ಸೆಕೆಂಡ್ ಬೇಕು. ಅಷ್ಟು ಹೊತ್ತು ಎಳೆಯುವವರಿಲ್ಲದೆ ಎಚ್‌ಟಿ 353ಕ್ಕೆ ಏರಿ ನಿಂತಿರುತ್ತದೆ, 230ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಮೇನ್ಸ್ 250 ಬಂದರೆ 384. ಅಲ್ಲಿ 350 ವೋಲ್ಟಿನ ಕಂಡೆನ್ಸರ್ ಹಾಕಿದರೆ ಒಂದಲ್ಲ ಒಂದು ದಿನ ಹೊಟ್ಟೆ ಉಬ್ಬಿ ಒಡೆಯುತ್ತದೆ. 450 ವೋಲ್ಟಿನದೇ ಹಾಕಿ. ಡಯೋಡಿನ ಮೇಲೆ ಉಲ್ಟಾ ಬೀಳುವುದು ಇದರ ಎರಡರಷ್ಟು, 768 ವೋಲ್ಟ್. 1ಎನ್4007 ಸಾವಿರ ತಡೆಯುತ್ತದೆ, ಆದರೂ ಪ್ರತಿ ಕಾಲಿಗೆ ಎರಡನ್ನು ಸೀರೀಸ್ ಮಾಡಿದರೆ ನಿಶ್ಚಿಂತೆ.

ಹಮ್ಮಿಗೆ ಬರೋಣ. ಮೊದಲು ಅದು ಯಾವ ಹಮ್ ಎಂದು ಕಿವಿಯಲ್ಲೇ ತಿಳಿಯಬೇಕು. ಫೋನಿನಲ್ಲಿ ಟೋನ್ ಆ್ಯಪ್ ಹಾಕಿ 50 ಮತ್ತು 100 ಹರ್ಟ್ಸ್ ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿ ಹೋಲಿಸಿ. 100 ಆದರೆ ಡಿಸಿ ಪೂರ್ತಿ ಸಮವಾಗದೆ ಉಳಿದ ಎಚ್‌ಟಿಯ ಅಲೆ. 50 ಆದರೆ ಹೀಟರ್, ಅರ್ಥ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಸೇರಿ ಆಗುವ ಸುತ್ತು), ಅಥವಾ ಪವರ್ ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂರಿಸಿರುವುದು.

ಈ ಸೆಟ್ಟಿನಲ್ಲಿ ಬಯಾಸ್ ಸರಿಯಾದ ಮೇಲೆ ಒಟ್ಟು ಕರೆಂಟ್ 80 ಮಿಲಿಆಂಪ್. 47 ಮೈಕ್ರೊಫ್ಯಾರಡ್ ಮೇಲೆ ಅಲೆಯ ಎತ್ತರ ಲೆಕ್ಕಕ್ಕೆ 17 ವೋಲ್ಟ್. ಅದನ್ನು 100 ಓಮ್, 100 ಮೈಕ್ರೊಫ್ಯಾರಡ್ ಜೋಡಿ ಆರು ಪಾಲು ಮಾತ್ರ ತಗ್ಗಿಸುತ್ತದೆ, 2.7 ವೋಲ್ಟ್ ಉಳಿಯಿತು. ಇಲ್ಲಿ ಚೋಕ್, ಅಂದರೆ ಅಲೆಯನ್ನು ತಡೆಯುವ ಕಬ್ಬಿಣದ ಕೋರಿನ ಸುರುಳಿ, ಬೇಕು. ವಾಲ್ವಿಗೆಂದೇ ಸುತ್ತಿದ 10 ಹೆನ್ರಿ ಚೋಕ್ ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ ಗುಜರಿಯಲ್ಲಿ ಹಳೆಯ 40 ವ್ಯಾಟ್ ಟ್ಯೂಬ್‌ಲೈಟಿನ ಚೋಕ್ ಹುಡುಕಿ. ಮನೆಮನೆಗೆ ಎಲ್‌ಇಡಿ ಬಂದ ಮೇಲೆ ಅವು ತೂಕಕ್ಕೆ ಬಿದ್ದಿವೆ. ಕೈಗೆ ಭಾರ ಎನಿಸುವ ತಾಮ್ರದ ಚೋಕೇ ಆಗಬೇಕು, ಹಗುರದ ಎಲೆಕ್ಟ್ರಾನಿಕ್ ಚೋಕ್ ಇದಕ್ಕೆ ಬರುವುದಿಲ್ಲ. ಅದರ ಇಂಡಕ್ಟೆನ್ಸ್ ಒಂದು ಹೆನ್ರಿಯ ಆಚೀಚೆ, ಮೂಲತಃ 0.4 ಆಂಪಿಯರ್ ಹೊರುವ ವೈರು, ನಮ್ಮ 80 ಮಿಲಿಆಂಪ್ ಅದಕ್ಕೆ ಲೆಕ್ಕಕ್ಕಿಲ್ಲ. 100 ಓಮಿನ ಜಾಗಕ್ಕೆ ಒಂದು ಚೋಕ್ ಹಾಕಿದರೆ ಅಲೆ 0.43 ವೋಲ್ಟಿಗೆ ಇಳಿಯಿತು, ಎರಡನ್ನು ಸೀರೀಸ್ ಮಾಡಿದರೆ ಅದರರ್ಧ. ಚೋಕಿನ ತಗಡಿನ ಮೈಯನ್ನು ಚಾಸಿಸ್‌ಗೆ ಬಿಗಿದು ಅರ್ಥ್ ಮಾಡಲೇಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ದೂರಕ್ಕೆ, ಅಡ್ಡ ತಿರುಗಿಸಿ ಕೂರಿಸಿ.

ಇನ್ನೂ ಅಗ್ಗದ ಉಪಾಯ ಒಂದಿದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಇಎಲ್84 ಐದು ಅಂಗದ ವಾಲ್ವ್, ಅಂದರೆ ಪೆಂಟೋಡ್. ಪೆಂಟೋಡಿನಲ್ಲಿ ಎಚ್‌ಟಿ ಅಲೆ ದನಿಗೆ ಸೇರುವುದು ಆನೋಡಿನಿಂದ ಕಡಿಮೆ, ಸ್ಕ್ರೀನಿನಿಂದ ಹೆಚ್ಚು. ಆದ್ದರಿಂದ ಎರಡೂ ಇಎಲ್84ರ 9ನೇ ಪಿನ್ನಿನ (ಸ್ಕ್ರೀನಿನ) ದಾರಿಯನ್ನು ಎಚ್‌ಟಿಯಿಂದ ಬಿಡಿಸಿ, 1 ಕೆ, 2 ವ್ಯಾಟ್ ರೆಸಿಸ್ಟರ್ ಮೂಲಕ ಕೊಟ್ಟು, ಅಲ್ಲಿಂದ ಅರ್ಥಿಗೆ 47 ಮೈಕ್ರೊಫ್ಯಾರಡ್, 450 ವೋಲ್ಟ್ ಹಾಕಿ. 8ರಿಂದ 10 ವೋಲ್ಟ್ ಹೋಗುತ್ತದೆ, ಅಲೆ ಮೂವತ್ತರಲ್ಲಿ ಒಂದು ಪಾಲಿಗೆ ತಗ್ಗುತ್ತದೆ. ಪ್ರತಿ 9ನೇ ಪಿನ್ನಿನ ಬುಡದಲ್ಲೇ ಒಂದೊಂದು 100 ಓಮ್ ಇರಲಿ.

50 ಹರ್ಟ್ಸ್ ಹಮ್ಮಾದರೆ ಹೀಟರ್ ವೈರುಗಳನ್ನು ಹುರಿ ಹಾಕಿ ಚಾಸಿಸ್ ಮೂಲೆಗೆ ಒತ್ತಿ ಒಯ್ಯಿರಿ. ಟ್ರಾನ್ಸ್‌ಫಾರ್ಮರಿನಲ್ಲಿ ಹೀಟರಿಗೆ ಸೆಂಟರ್ ಟ್ಯಾಪ್ ಇಲ್ಲದಿದ್ದರೆ ಎರಡು 100 ಓಮ್ ರೆಸಿಸ್ಟರ್ ಜೋಡಿಸಿ ನಡುವಿನ ಬಿಂದು ಮಾಡಿಕೊಳ್ಳಿ. ಆ ಬಿಂದುವನ್ನು ಅರ್ಥಿಗೆ ಕಟ್ಟುವ ಬದಲು 30 ವೋಲ್ಟ್ ಡಿಸಿಗೆ ಎತ್ತಿದರೆ ಇನ್ನೂ ಶಾಂತ. ಎಚ್‌ಟಿಯಿಂದ 220 ಕೆ, 2 ವ್ಯಾಟ್, ಅದರ ಕೆಳಗೆ ಅರ್ಥಿಗೆ 27 ಕೆ, ಅದಕ್ಕೆ ಸಮಾಂತರವಾಗಿ 47 ಮೈಕ್ರೊಫ್ಯಾರಡ್, 63 ವೋಲ್ಟ್. 300ರಿಂದ 33 ವೋಲ್ಟ್ ಸಿಗುತ್ತದೆ. ಸೆಟ್ ಆರಿಸಿದ ಮೇಲೆ ಕಂಡೆನ್ಸರ್ ಖಾಲಿ ಮಾಡುವ ಕೆಲಸವೂ ಇದೇ ರೆಸಿಸ್ಟರುಗಳಿಂದ ಆಗಿಹೋಗುತ್ತದೆ, ನಿಧಾನಕ್ಕೆ.

ಇನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ತುಂಗಭದ್ರೆಯ ಕಾಲುವೆ ಬಯಲಿನಲ್ಲಿ ಪಂಪ್‌ಸೆಟ್ ಎಷ್ಟೋ, ಮೋಟಾರ್ ರಿವೈಂಡಿಂಗ್ ಅಂಗಡಿಯೂ ಅಷ್ಟೇ. ಸಿಂಧನೂರಿನಿಂದ ಹಿಡಿದು ಸಿರುಗುಪ್ಪದವರೆಗೆ ಕೈ ಪಳಗಿದ ಸುತ್ತುವವರು ಇದ್ದಾರೆ. ಅವರು ಸುತ್ತುವುದರಲ್ಲಿ ತಪ್ಪಿರುವುದಿಲ್ಲ, ಪತ್ತಿ (ಕೋರಿನ ಕಬ್ಬಿಣದ ತಗಡು) ಜೋಡಿಸುವುದರಲ್ಲಿ ಇರುತ್ತದೆ. ಪವರ್ ಟ್ರಾನ್ಸ್‌ಫಾರ್ಮರಿನ ರೂಢಿಯಂತೆ 'ಇ' ಮತ್ತು 'ಐ' ಆಕಾರದ ಪತ್ತಿಗಳನ್ನು ಒಂದು ಈ ಕಡೆ, ಒಂದು ಆ ಕಡೆ ಹೆಣೆದುಬಿಡುತ್ತಾರೆ. ಅದು ಅವರ ತಪ್ಪೂ ಅಲ್ಲ, ನಾವು ಹೇಳಿರುವುದಿಲ್ಲ. ಒಂಟಿ ಇಎಲ್84ರ ಆಂಪ್ಲಿಫೈಯರಿನಲ್ಲಿ ಪ್ರೈಮರಿಯೊಳಗೆ ಯಾವಾಗಲೂ 35-40 ಮಿಲಿಆಂಪ್ ಡಿಸಿ ಹರಿಯುತ್ತಿರುತ್ತದೆ. ಹೆಣೆದ ಕೋರ್ ಆ ಡಿಸಿಯಿಂದಲೇ ತುಂಬಿಹೋಗುತ್ತದೆ. ಹೊಟ್ಟೆ ತುಂಬಿದವನಿಗೆ ಊಟ ಬಡಿಸಿದ ಹಾಗೆ, ಬೇಸ್ ದನಿಗೆ ಅಲ್ಲಿ ಜಾಗವೇ ಇಲ್ಲ.

ಬಿಚ್ಚಿ ಸರಿಮಾಡಬಹುದು. ವಾರ್ನಿಷ್ ಗಟ್ಟಿಯಾಗಿರದಿದ್ದರೆ ಪತ್ತಿಗಳನ್ನು ಒಂದೊಂದಾಗಿ ಹೊರಗೆಳೆದು, 'ಇ'ಗಳನ್ನೆಲ್ಲ ಒಂದೇ ಕಡೆಯಿಂದ ತೂರಿಸಿ, 'ಐ'ಗಳನ್ನೆಲ್ಲ ಒಟ್ಟಾಗಿ ಇನ್ನೊಂದು ಕಡೆ ಇಟ್ಟು, ನಡುವೆ 0.1 ಮಿಲಿಮೀಟರ್ ದಪ್ಪದ ಕಾಗದ ಇಡಿ. ಸಾಮಾನ್ಯ ಬರೆಯುವ ಹಾಳೆ ಒಂದು ಸಾಕು. ಕಾಂತದ ದಾರಿ ಆ ಬಿರುಕನ್ನು ಎರಡು ಸಲ ದಾಟುವುದರಿಂದ ಒಟ್ಟು 0.2 ಆಗುತ್ತದೆ. ಕ್ಲ್ಯಾಂಪ್ ಬಿಗಿಯಾಗಿರಲಿ, ಸಡಿಲ ಬಿಟ್ಟರೆ ಟ್ರಾನ್ಸ್‌ಫಾರ್ಮರೇ ಹಾಡುತ್ತದೆ.

ಹೊಸದಾಗಿ ಸುತ್ತಿಸುವುದಾದರೆ ಚೀಟಿಯಲ್ಲಿ ಹೀಗೆ ಬರೆದುಕೊಡಿ. ನಡುಗಾಲು 25 ಮಿಲಿಮೀಟರ್, ಪತ್ತಿಯ ಅಟ್ಟಿ 32 ಮಿಲಿಮೀಟರ್. ಮೊದಲು 36 ಗೇಜಿನ 1250 ಸುತ್ತು, ಮೇಲೆ ಚೆನ್ನಾಗಿ ಇನ್ಸುಲೇಶನ್, ಅದರ ಮೇಲೆ 20 ಗೇಜಿನ 98 ಸುತ್ತು ಸೆಕೆಂಡರಿ, ಮತ್ತೆ ಇನ್ಸುಲೇಶನ್, ಕೊನೆಗೆ ಅದೇ ದಿಕ್ಕಿನಲ್ಲಿ 36 ಗೇಜಿನ ಇನ್ನೊಂದು 1250. ಎರಡು 1250ಗಳು ಸೀರೀಸ್. 8 ಓಮ್ ಸ್ಪೀಕರ್ ಹಚ್ಚಿದರೆ ವಾಲ್ವಿಗೆ 5200 ಓಮ್ ಕಾಣುತ್ತದೆ. ಪ್ರೈಮರಿಯ ರೆಸಿಸ್ಟೆನ್ಸ್ 220 ಓಮಿನ ಹತ್ತಿರ ಬರಬೇಕು. ಸೆಕೆಂಡರಿಯನ್ನು ನಡುವೆ ಇಡುವುದೇಕೆ ಎಂದು ಕೇಳಿದರೆ, ಮೇಲಿನ ದನಿ ಸೋರದಿರಲು ಎನ್ನಿ. ಸುತ್ತಿಸಿದ ಮೇಲೆ ಪರೀಕ್ಷೆ ಸುಲಭ: ಪ್ರೈಮರಿಗೆ 6.3 ವೋಲ್ಟ್ ಏಸಿ ಕೊಟ್ಟರೆ ಸೆಕೆಂಡರಿಯಲ್ಲಿ 0.25 ವೋಲ್ಟ್ ಬರಬೇಕು. ತಪ್ಪಿ ಸೆಕೆಂಡರಿಗೆ 6.3 ಕೊಟ್ಟರೆ ಪ್ರೈಮರಿಯಲ್ಲಿ 160 ವೋಲ್ಟ್ ಕೈಗೆ ಹೊಡೆಯುತ್ತದೆ.

ಬೇಸ್ ಸುಧಾರಿಸಿತೇ ಎಂದು ಕಿವಿ ನಂಬುವುದಕ್ಕಿಂತ ಅಳೆಯಿರಿ. ಸ್ಪೀಕರ್ ತೆಗೆದು 8.2 ಓಮ್, 10 ವ್ಯಾಟ್ ರೆಸಿಸ್ಟರ್ ಹಚ್ಚಿ, ಫೋನಿನಿಂದ 400 ಹರ್ಟ್ಸ್ ಟೋನ್ ಕೊಟ್ಟು, ಅದರ ಮೇಲೆ 2.8 ವೋಲ್ಟ್ ಬರುವಂತೆ ವಾಲ್ಯೂಮ್ ಇಡಿ. ಅಲ್ಲಿಗೆ ಒಂದು ವ್ಯಾಟ್. ವಾಲ್ಯೂಮ್ ಮುಟ್ಟದೆ 100 ಹರ್ಟ್ಸಿಗೆ, 50ಕ್ಕೆ ಇಳಿಸಿ. 100ರಲ್ಲೇ 2 ವೋಲ್ಟಿಗಿಂತ ಕೆಳಗೆ ಬಿದ್ದರೆ ಕೋರ್ ತುಂಬಿದೆ, ಅಥವಾ ಸುತ್ತು ಕಡಿಮೆ. ಅಗ್ಗದ ಮೀಟರುಗಳು 40ರಿಂದ 400 ಹರ್ಟ್ಸಿನವರೆಗೆ ಮಾತ್ರ ಏಸಿಯನ್ನು ಸರಿಯಾಗಿ ಓದುತ್ತವೆ, ಈ ಕೆಲಸಕ್ಕೆ ಅಷ್ಟೇ ಸಾಕು. ಸ್ಪೀಕರೂ ಇಲ್ಲದೆ, ರೆಸಿಸ್ಟರೂ ಇಲ್ಲದೆ ಮಾತ್ರ ಆನ್ ಮಾಡಬೇಡಿ, ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಇನ್ಸುಲೇಶನ್ ತೂತು ಬೀಳುತ್ತದೆ. ಸೆಕೆಂಡರಿಗೆ ಅಡ್ಡಲಾಗಿ 220 ಓಮ್, 5 ವ್ಯಾಟ್ ಒಂದನ್ನು ಶಾಶ್ವತವಾಗಿ ಬೆಸೆದುಬಿಡಿ.

ವಾಲ್ಯೂಮ್ ಏರಿಸಿದಾಗಿನ ಒರಟು ದನಿಗೆ ಮದ್ದು, ಔಟ್‌ಪುಟ್ಟಿನ ಸ್ವಲ್ಪ ಭಾಗವನ್ನು ಉಲ್ಟಾ ಮಾಡಿ ಮೊದಲ ವಾಲ್ವಿಗೆ ಹಿಂದಿರುಗಿಸುವ ಫೀಡ್‌ಬ್ಯಾಕ್. ಅದರ ಹೆಸರು ಹೇಳಿದರೆ ಮುಖ ಸಿಂಡರಿಸುವವರಿದ್ದಾರೆ. ಪೆಂಟೋಡ್ ಒಳಗಿನ ರೆಸಿಸ್ಟೆನ್ಸ್ 38 ಕೆ. ಫೀಡ್‌ಬ್ಯಾಕ್ ಇಲ್ಲದೆ ಅದು ಸ್ಪೀಕರನ್ನು ಹಿಡಿದು ನಿಲ್ಲಿಸುವುದಿಲ್ಲ, ಕೋನ್ ತನಗೆ ಬೇಕಾದಂತೆ ಕುಣಿಯುತ್ತದೆ. ತಬಲದ ಬಾಯಾಂ ಕೇಳಿದರೆ ತಿಳಿಯುತ್ತದೆ, ಗುಮಕಿ ಇರುವಲ್ಲಿ ಬರಿ ಢಬ್ಬು. ಮೇಲಾಗಿ ನಮ್ಮ ಹತ್ತಿರ ಗೇನ್ (ಸಿಗ್ನಲ್ ಏರಿಸುವ ಶಕ್ತಿ) ದಂಡಿಯಾಗಿ ಉಳಿದಿದೆ. ಇಎಲ್84ಕ್ಕೆ ಪೂರ್ಣ ಔಟ್‌ಪುಟ್ಟಿಗೆ 4.3 ವೋಲ್ಟ್ ಸಾಕು, ಇಸಿಸಿ83 ಸುಮಾರು 54 ಪಟ್ಟು ಏರಿಸುತ್ತದೆ, ಅಂದರೆ ಇನ್‌ಪುಟ್ಟಿಗೆ 80 ಮಿಲಿವೋಲ್ಟ್ ಕೊಟ್ಟರೆ ಮುಗಿಯಿತು. ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ. 12 ಡೆಸಿಬೆಲ್ ಫೀಡ್‌ಬ್ಯಾಕಿಗೆ ಕೊಟ್ಟರೂ 0.32 ವೋಲ್ಟಿಗೆ ಪೂರ್ಣ ದನಿ.

ಇಸಿಸಿ83ರ ಕ್ಯಾಥೋಡಿನ 1.5 ಕೆ ರೆಸಿಸ್ಟರಿನ ಕೆಳತುದಿಯನ್ನು ಅರ್ಥಿನಿಂದ ಬಿಡಿಸಿ ನಡುವೆ 100 ಓಮ್ ಹಾಕಿ. ಬೈಪಾಸ್ ಕಂಡೆನ್ಸರ್ 1.5 ಕೆಗೆ ಮಾತ್ರ ಸಮಾಂತರ ಇರಲಿ, 100 ಓಮಿಗೆ ಬೇಡ. 100 ಓಮಿನ ಮೇಲ್ತುದಿಗೆ ಸ್ಪೀಕರ್ ಟರ್ಮಿನಲ್ಲಿನಿಂದ 2.2 ಕೆ ಮೂಲಕ ಒಂದು ವೈರ್, ಸೆಕೆಂಡರಿಯ ಇನ್ನೊಂದು ತುದಿ ಅರ್ಥಿಗೆ. ಒಮ್ಮೆಲೇ 2.2 ಕೆ ಹಾಕಬೇಡಿ, ಮೊದಲು 22 ಕೆ ತಾಗಿಸಿ ನೋಡಿ. ಟೋನ್ ತಗ್ಗಿದರೆ ದಿಕ್ಕು ಸರಿ. ಜೋರಾದರೆ ಉಲ್ಟಾ, ಸೆಕೆಂಡರಿಯ ಎರಡು ತುದಿ ಅದಲುಬದಲು ಮಾಡಿ. ಉಲ್ಟಾ ಇದ್ದಾಗ 2.2 ಕೆ ಹಾಕಿದರೆ ಸ್ಪೀಕರ್ ಸೈರನ್ ಆಗುತ್ತದೆ.

ಕೇಳಿಸದ ಕೂಗಾಟ ಇನ್ನೂ ಅಪಾಯದ್ದು. ಊರಲ್ಲಿ ಸುತ್ತಿದ ಟ್ರಾನ್ಸ್‌ಫಾರ್ಮರಿನಲ್ಲಿ ಫೀಡ್‌ಬ್ಯಾಕ್ ಹಾಕಿದಾಗ ಕಿವಿಗೆ ಎಟುಕದ ಎತ್ತರದಲ್ಲಿ ಆಂಪ್ಲಿಫೈಯರ್ ತಾನೇ ಕೂಗತೊಡಗಬಹುದು. ದನಿ ಸೀಳಿದಂತೆ ಕೇಳುತ್ತದೆ, ಟ್ವೀಟರ್ ಕಾರಣವಿಲ್ಲದೆ ಸುಡುತ್ತದೆ. ಅಗ್ಗದ ಮೀಟರಿಗೆ ಇದು ಕಾಣುವುದಿಲ್ಲ. ಆಸಿಲ್ಲೋಸ್ಕೋಪ್ ಇಲ್ಲದಿದ್ದರೆ 1ಎನ್4148 ಡಯೋಡ್ ಒಂದನ್ನು ಔಟ್‌ಪುಟ್ಟಿಗೆ ಹಚ್ಚಿ, ಅದರಾಚೆ ಅರ್ಥಿಗೆ 100 ನ್ಯಾನೊಫ್ಯಾರಡ್ ಇಟ್ಟು, ಕಂಡೆನ್ಸರ್ ಮೇಲೆ ಡಿಸಿ ಅಳೆಯಿರಿ. ಇನ್‌ಪುಟ್ ಶಾರ್ಟ್ ಮಾಡಿದಾಗಲೂ ವೋಲ್ಟ್ ತೋರಿಸಿದರೆ ಕೂಗುತ್ತಿದೆ. ಇಸಿಸಿ83ರ ಆನೋಡಿನಿಂದ ಅರ್ಥಿಗೆ 10 ಕೆ ಮತ್ತು 100 ಪಿಕೊಫ್ಯಾರಡ್ ಸೀರೀಸಾಗಿ ಹಾಕಿ, ಸಾಲದಿದ್ದರೆ 2.2 ಕೆಗೆ ಅಡ್ಡಲಾಗಿ 470 ಪಿಕೊಫ್ಯಾರಡ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ 2.2 ಕೆಯನ್ನು 4.7 ಕೆ ಮಾಡಿ, ಕಡಿಮೆ ಫೀಡ್‌ಬ್ಯಾಕಿಗೆ ತೃಪ್ತಿಪಡಿ.

ಮೇಲಿನ ದನಿಯ ಮಂಕು ಎಲ್ಲಕ್ಕಿಂತ ಸುಲಭ. ಇಸಿಸಿ83ರ ಗ್ರಿಡ್ (ಸಿಗ್ನಲ್ ಒಳಹೋಗುವ ತುದಿ) ಎದುರು, ಅದರ ಗೇನಿನಿಂದಾಗಿಯೇ, ಸುಮಾರು 110 ಪಿಕೊಫ್ಯಾರಡ್ ಕಂಡೆನ್ಸರ್ ಇದ್ದಂತೆ. 500 ಕೆ ವಾಲ್ಯೂಮ್ ಅರ್ಧ ದನಿಯಲ್ಲಿದ್ದಾಗ 125 ಕೆ ಮೂಲಕ ಅದನ್ನು ತುಂಬಬೇಕು, 11-12 ಕಿಲೋಹರ್ಟ್ಸಿನಿಂದಲೇ ದನಿ ಇಳಿಯುತ್ತದೆ. 100 ಕೆ ಲಾಗ್ ಪಾಟ್ (ವಾಲ್ಯೂಮ್ ಕಂಟ್ರೋಲ್) ಹಾಕಿ, 58 ಕಿಲೋಹರ್ಟ್ಸಿಗೆ ಹೋಯಿತು. ಐದು ನಿಮಿಷದ ಕೆಲಸ.

ಕಪ್ಲಿಂಗ್ ಕಂಡೆನ್ಸರ್ ಬಗ್ಗೆ ಕೊನೆಗೂ ಹೇಳಲೇಬೇಕು. 0.1 ಮೈಕ್ರೊಫ್ಯಾರಡ್, 630 ವೋಲ್ಟಿನ ಸಾಧಾರಣ ಪಾಲಿಪ್ರೊಪಿಲೀನ್ ಸಾಕು. ನೋಡಬೇಕಾದದ್ದು ಸೋರಿಕೆ. ಇಎಲ್84 ಕಿತ್ತು, ಸಾಕೆಟ್ಟಿನ 2ನೇ ಪಿನ್ನಿನಲ್ಲಿ (ಗ್ರಿಡ್) ಡಿಸಿ ಅಳೆಯಿರಿ. ಸೊನ್ನೆ ಇರಬೇಕು. 0.1 ವೋಲ್ಟ್ ದಾಟಿದರೂ ಆ ಕಂಡೆನ್ಸರ್ ಸೋರುತ್ತಿದೆ, ಎಷ್ಟು ದುಬಾರಿಯದಾದರೂ ಬಿಸಾಡಿ. ವಾಲ್ವ್ ಹಾಕಿದಾಗ ಮಾತ್ರ ಪಾಸಿಟಿವ್ ಆಗುತ್ತಿದ್ದರೆ ವಾಲ್ವಿನೊಳಗೆ ಗಾಳಿಯಂಶ ಸೇರಿದೆ. ಹಳೆಯ ಸ್ಟಾಕ್ ಎಂದು ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಎಲ್84 ಸಿಕ್ಕರೆ ಬಿಡಬೇಡಿ, ಆದರೆ ತುದಿಯ ಬೆಳ್ಳಿ ಕಲೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ಸತ್ತ ವಾಲ್ವ್. ಸಾಕೆಟ್ಟಿನ ವಿಷಯಕ್ಕೂ ಬರೋಣ: ಇಎಲ್84ರ 1, 6, 8ನೇ ಪಿನ್ನುಗಳು ಖಾಲಿ ಎಂದುಕೊಂಡು ಅವುಗಳಿಗೆ ವೈರು ಕಟ್ಟುವವರಿದ್ದಾರೆ. ಒಳಗೆ ಅವಕ್ಕೆ ಸಂಪರ್ಕ ಇರಬಹುದು, ಮುಟ್ಟಬೇಡಿ. ಸಂಡೂರು, ತೋರಣಗಲ್ಲಿನ ಕಡೆಯವರು ವರ್ಷಕ್ಕೊಮ್ಮೆ ಸಾಕೆಟ್ಟುಗಳ ಮೇಲಿನ ಕೆಂಪು ಧೂಳನ್ನು ಐಪಿಎ (ಐಸೊಪ್ರೊಪಿಲ್ ಆಲ್ಕೊಹಾಲ್) ಹಚ್ಚಿದ ಬ್ರಷ್ಷಿನಿಂದ ತೆಗೆಯಿರಿ. ಮಳೆಗಾಲದ ತೇವ ಕುಡಿದ ಧೂಳು ಇಸಿಸಿ83ರ ಆನೋಡಿನಿಂದ ಪಕ್ಕದ ಗ್ರಿಡ್ಡಿಗೆ ಸೋರಿಸಿ ಚಟಪಟ ಸದ್ದು ಮಾಡಿಸುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದೆ.

"ಸರ್, ಟ್ರಯೋಡ್ ಮಾಡಿದ್ರ ದನಿ ಚಲೋ ಬರ್ತೈತಿ ಅಂತಾರಲ್ರಿ? ಮಾಡಿ ನೋಡಿದ್ರ ಹಮ್ ಜಾಸ್ತಿ ಆತು."

ಎರಡೂ ನಿಜ. 9ನೇ ಪಿನ್ನನ್ನು ಎಚ್‌ಟಿಯಿಂದ ಬಿಡಿಸಿ 100 ಓಮ್ ಮೂಲಕ 7ನೇ ಪಿನ್ನಿಗೆ, ಅಂದರೆ ಆನೋಡಿಗೆ, ಕಟ್ಟಿದರೆ ಟ್ರಯೋಡ್, ಮೂರೇ ಅಂಗದ ವಾಲ್ವಿನಂತೆ. ಒಳಗಿನ ರೆಸಿಸ್ಟೆನ್ಸ್ 38 ಕೆಯಿಂದ 2 ಕೆಗೆ ಇಳಿಯುತ್ತದೆ, ಫೀಡ್‌ಬ್ಯಾಕ್ ಇಲ್ಲದೆಯೂ ಬೇಸ್ ಹಿಡಿತಕ್ಕೆ ಬರುತ್ತದೆ. ಔಟ್‌ಪುಟ್ ಮಾತ್ರ ಸುಮಾರು 2 ವ್ಯಾಟ್. ಹಮ್ಮಿಗೆ ಕಾರಣವೂ ಅದೇ 2 ಕೆ. ಸ್ಕ್ರೀನನ್ನು ಶುದ್ಧ ಮಾಡಿಟ್ಟ ಪೆಂಟೋಡಿನಲ್ಲಿ ಎಚ್‌ಟಿ ಅಲೆಯ ಶೇಕಡ 12 ಮಾತ್ರ ಪ್ರೈಮರಿಯ ಮೇಲೆ ಬೀಳುತ್ತದೆ, ಟ್ರಯೋಡಿನಲ್ಲಿ ಶೇಕಡ 72. ಚೋಕ್ ಹಾಕದೆ ಟ್ರಯೋಡ್ ಮಾಡಬೇಡಿ.

"ಮನ್ಯಾಗ ಅರ್ಥಿಂಗ್ ಇಲ್ರಿ. ನ್ಯೂಟ್ರಲ್‌ಗೇ ಚಾಸಿಸ್ ಕಟ್ಟಿದ್ರ ನಡೀತೈತೇನ್ರಿ?"

ನಡೆಯುವುದಿಲ್ಲ. ಪ್ಲಗ್ ತಿರುಗಿದರೆ, ಇಲ್ಲವೇ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಚಾಸಿಸ್ ಪೂರ್ತಿ ಫೇಸ್ ಆಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಪೈಪ್ ಅರ್ಥಿಂಗ್ ಹಾಕಿಸಿ. ಎರೆ ಭೂಮಿಯವರಿಗೆ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಪೈಪಿನ ಹಿಡಿತ ಬಿಡುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು. ಟಿವಿ, ಕಂಪ್ಯೂಟರ್ ಸೇರಿಸಿದಾಗ ಅರ್ಥ್ ಲೂಪಿನಿಂದ ಹಮ್ ಬಂದರೂ ಅರ್ಥ್ ಪಿನ್ ಮುರಿಯಬೇಡಿ. ಚಾಸಿಸ್ ನೇರವಾಗಿ ಅರ್ಥಿಗೇ ಇರಲಿ, ಸಿಗ್ನಲ್ ಅರ್ಥ್ ಬಿಂದುವಿನಿಂದ ಚಾಸಿಸ್‌ಗೆ ಮಾತ್ರ 10 ಓಮ್, ಅದಕ್ಕೆ ಅಡ್ಡಲಾಗಿ ಎದುರುಬದುರು ಎರಡು 1ಎನ್5408 ಡಯೋಡ್.

"ಕರೆಂಟ್ ಹೋದಾಗ ಇನ್ವರ್ಟರ್ ಮ್ಯಾಲೆ ಹಚ್ಚಿದ್ರ ದನಿ ಸಣ್ಣ ಆಗ್ತೈತಿ, ಕರಕರ ಅಂತೈತಿ. ವಾಲ್ವ್ ಹೋದ್ವೇನ್ರಿ?"

ವಾಲ್ವ್ ಚೆನ್ನಾಗಿಯೇ ಇವೆ. ಸ್ಕ್ವೇರ್ ವೇವ್ ಇನ್ವರ್ಟರಿನ 220 ವೋಲ್ಟಿಗೆ ಶಿಖರ ಕೂಡ 220ರಷ್ಟೇ. ಮೇನ್ಸಿನದು 310 ದಾಟಿರುತ್ತದೆ. ಹೀಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಎಂದಿನಂತೆ ಕಾಯುತ್ತದೆ. ಎಚ್‌ಟಿ ಮಾತ್ರ ಶಿಖರ ನೋಡಿ ತುಂಬುವುದರಿಂದ 300 ಇದ್ದದ್ದು 210ಕ್ಕೆ ಕುಸಿಯುತ್ತದೆ. ಕರಕರ ಎನ್ನುವುದು ಆ ಚೌಕದ ಅಂಚು. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಕರೆಂಟ್ ಬರುವವರೆಗೆ ಸ್ವಿಚ್ ಆರಿಸಿಡಿ.